ಅಪ್ಪ ಅಮ್ಮನಿಗೆ ಮಾಂಟೆರೇಯಲ್ಲಿ ತಿಮಿಂಗಿಲ ತೋರಿಸಬೇಕು: ಯಾವ ತಿಂಗಳು, ಯಾವ ಬೋಟು?

ಪ್ರಶ್ನೆ: ನಾವು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. ಅಪ್ಪ (71) ಅಮ್ಮ (66) ಮೈಸೂರಿನಿಂದ ಜೂನ್ ಕೊನೆಗೆ ಬಂದು ಸೆಪ್ಟೆಂಬರ್ ಕೊನೆತನಕ ಇರುತ್ತಾರೆ. ಮಾಂಟೆರೇ ಕೊಲ್ಲಿಯಲ್ಲಿ ಬೋಟಿನಲ್ಲಿ ಕರೆದುಕೊಂಡು ಹೋಗಿ ತಿಮಿಂಗಿಲ ತೋರಿಸುವ ಆಸೆ. ಆದರೆ ಡಿಸೆಂಬರ್‌ನಲ್ಲಿ ಹೋಗಿದ್ದ ಗೆಳೆಯರು "ಬೆನ್ನು ಬಿಟ್ಟರೆ ಏನೂ ಕಾಣಲಿಲ್ಲ, ದುಡ್ಡು ದಂಡ" ಅನ್ನುತ್ತಾರೆ. ಕಂಪನಿಗಳು ನೋಡಿದರೆ "ಗ್ಯಾರಂಟಿ" ಅನ್ನುತ್ತವೆ. ಯಾವಾಗ ಹೋಗಬೇಕು? ಅಮ್ಮನಿಗೆ ಬಸ್ಸಿನಲ್ಲೇ ವಾಂತಿ ಬರುತ್ತದೆ, ಬೋಟು ತಡೆಯುತ್ತದಾ? ಎಂಟು ವರ್ಷದ ಮಗಳೂ ಇದ್ದಾಳೆ. ಇಷ್ಟೊಂದು ಬೋಟುಗಳು ಬೆನ್ನು ಹತ್ತಿದರೆ ಆ ಪ್ರಾಣಿಗಳಿಗೆ ಹಿಂಸೆ ಅಲ್ವಾ? ಕೊನೆಗೆ ಅಪ್ಪನದೊಂದು ಪ್ರಶ್ನೆ: ನಮ್ಮ ಮುರುಡೇಶ್ವರದ ಕಡೆ ಇದು ಯಾಕಿಲ್ಲ?

ಉತ್ತರ: ಮೊದಲು ನಿಮಗೆ ಬೇಕಾದದ್ದು ಹೇಳಿಬಿಡುತ್ತೇನೆ. ಆಗಸ್ಟ್ ಮೊದಲ ಎರಡು ವಾರದಲ್ಲಿ ಒಂದು ದಿನ ಹಿಡಿಯಿರಿ. ಶನಿವಾರ, ಭಾನುವಾರ ಬೇಡ. ಬೆಳಗಿನ ಮೊದಲ ಬೋಟು. ಮೂರರಿಂದ ನಾಲ್ಕು ಗಂಟೆಯ ಪ್ರಯಾಣ. ಟಾಯ್ಲೆಟ್ ಇರುವ, ಒಳಗೆ ಕೂರಲು ಜಾಗ ಇರುವ ದೊಡ್ಡ ಬೋಟು. ಅಮ್ಮನಿಗೆ ಮಾತ್ರೆ ಖಂಡಿತ. ಹವಾಮಾನದ ಲೆಕ್ಕದಲ್ಲಿ ಸೆಪ್ಟೆಂಬರ್ ಇನ್ನೂ ಚೆನ್ನಾಗಿರುತ್ತದೆ. ಆದರೂ ಆಗಸ್ಟ್ ಅಂದದ್ದಕ್ಕೆ ಕಾರಣ ಆ "ಗ್ಯಾರಂಟಿ"ಯಲ್ಲೇ ಇದೆ, ಮುಂದೆ ಹೇಳುತ್ತೇನೆ.

ಈ ಕೊಲ್ಲಿಯ ಬೋಟುಗಳಲ್ಲಿ ಮೈಕ್ ಹಿಡಿದು ವಿವರಣೆ ಕೊಡುವ ಕೆಲಸ ಮಾಡಿದವನು ನಾನು. ಜನ ಟಿಕೆಟ್ ಬುಕ್ ಮಾಡುವಾಗ ತಮ್ಮ ರಜೆ ನೋಡುತ್ತಾರೆ, ಹೋಟೆಲ್ ನೋಡುತ್ತಾರೆ, ಬೋಟಿನ ಫೋಟೋ ನೋಡುತ್ತಾರೆ. ನೋಡಬೇಕಾದದ್ದು ತಿಮಿಂಗಿಲದ ಊಟದ ಹೊತ್ತನ್ನು. ಅದು ಈ ಕೊಲ್ಲಿಗೆ ಬರುವುದು ತಿನ್ನುವುದಕ್ಕೆ ಅಥವಾ ದಾಟಿ ಹೋಗುವುದಕ್ಕೆ. ತಿನ್ನಲು ಬಂದದ್ದು ನಿಲ್ಲುತ್ತದೆ, ದಾಟಿ ಹೋಗುವುದು ನಿಲ್ಲುವುದಿಲ್ಲ. ನಿಮ್ಮ ಗೆಳೆಯರ ಬೇಜಾರಿಗೆ ಕಾರಣ ಇಷ್ಟೇ.

ಡಿಸೆಂಬರ್ ಮಧ್ಯದಿಂದ ಇಲ್ಲಿ ಕಾಣುವುದು ಹೆಚ್ಚಾಗಿ ಬೂದು ತಿಮಿಂಗಿಲ. ಬೇಸಿಗೆಯಲ್ಲಿ ಅದು ಅಲಾಸ್ಕಾದ ಆಚೆ ಬೇರಿಂಗ್, ಚುಕ್ಚಿ ಸಮುದ್ರಗಳಲ್ಲಿ ತಳದ ಕೆಸರನ್ನು ಬಾಯಿಗೆ ಎಳೆದುಕೊಂಡು ಅದರಲ್ಲಿರುವ ಸಣ್ಣ ಜೀವಿಗಳನ್ನು ಸೋಸಿ ತಿನ್ನುತ್ತದೆ. ಚಳಿಗಾಲಕ್ಕೆ ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದ ಹಿನ್ನೀರುಗಳಿಗೆ ಹೋಗಿ ಮರಿ ಹಾಕುತ್ತದೆ. ಹೋಗಿ ಬರುವ ದಾರಿ ಒಟ್ಟು 16,000 ಕಿ.ಮೀ.ಗಿಂತ ಜಾಸ್ತಿ. ಮಾಂಟೆರೇ ಅದರ ದಾರಿಯಲ್ಲಿ ಸಿಗುವ ಒಂದು ಊರು, ಅಷ್ಟೆ. ಇಲ್ಲಿ ಸಾಮಾನ್ಯವಾಗಿ ಅದು ಊಟ ಮಾಡುವುದಿಲ್ಲ, ಆಟ ಆಡುವುದೂ ಕಡಿಮೆ. ನಾಲ್ಕೈದು ಸಲ ಉಸಿರು ಬಿಡುತ್ತದೆ, ಬಾಲ ಎತ್ತಿ ಮುಳುಗುತ್ತದೆ, ಮತ್ತೆ ಮುಂದೆಲ್ಲೋ ಏಳುತ್ತದೆ. ಬೋಟು ಪಕ್ಕದಲ್ಲೇ ನಿಧಾನಕ್ಕೆ ಹೋಗುತ್ತಿರುತ್ತದೆ. ಗೆಳೆಯರಿಗೆ ಬೆನ್ನು ಕಂಡಿತು ಅಂದರೆ ನಿಜಕ್ಕೂ ಸರಿಯಾಗಿಯೇ ಕಂಡಿದೆ. ಅಷ್ಟು ದೂರ ಈಜುವ ಪ್ರಾಣಿಯನ್ನು ನೋಡುತ್ತಿದ್ದೇವೆ ಅಂತ ಗೊತ್ತಿದ್ದವರಿಗೆ ಆ ಬೆನ್ನೂ ದೊಡ್ಡದು. ನೀರಿನಿಂದ ಮೇಲಕ್ಕೆ ಹಾರುವ ಫೋಟೋ ನೋಡಿಕೊಂಡು ಹೋದವರಿಗೆ ಬೇಜಾರಾಗುತ್ತದೆ.

ಹಾಗೆ ಹಾರುವ ಫೋಟೋಗಳಲ್ಲಿ ಇರುವುದು ಬಹುಮಟ್ಟಿಗೆ ಹಂಪ್‌ಬ್ಯಾಕ್ ತಿಮಿಂಗಿಲ. ಅದು ಚಳಿಗಾಲವನ್ನು ಮೆಕ್ಸಿಕೋ, ಮಧ್ಯ ಅಮೆರಿಕದ ಬೆಚ್ಚನೆಯ ನೀರಿನಲ್ಲಿ ಕಳೆದು ಏಪ್ರಿಲ್ ಹೊತ್ತಿಗೆ ಇಲ್ಲಿಗೆ ಬರುತ್ತದೆ. ನವೆಂಬರ್‌ವರೆಗೂ ಇರುತ್ತದೆ. ಬರುವುದೇ ತಿನ್ನಲು. ಹಾಗಾಗಿ ಒಂದೇ ಜಾಗದಲ್ಲಿ ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ ಸುತ್ತಾಡುತ್ತಿರುತ್ತದೆ. ನಿಮ್ಮವರು ಇರುವ ಅಷ್ಟೂ ತಿಂಗಳು ಇದರ ಕಾಲ.

ಇಷ್ಟೊಂದು ಊಟ ಇಲ್ಲೇ ಯಾಕೆ? ಅಪ್ಪನಿಗೆ ಈ ಭಾಗ ಇಷ್ಟವಾಗಬಹುದು. ಕೊಲ್ಲಿಯ ನಟ್ಟನಡುವೆ ಮಾಸ್ ಲ್ಯಾಂಡಿಂಗ್ ಅನ್ನುವ ಪುಟ್ಟ ಮೀನುಗಾರರ ಊರಿದೆ. ಆ ಬಂದರಿನ ಬಾಯಿಂದಲೇ ಸಮುದ್ರದೊಳಗೆ ಒಂದು ದೊಡ್ಡ ಕಣಿವೆ ಶುರುವಾಗುತ್ತದೆ. ನೀರು ಬತ್ತಿದರೆ ಕಾಣುವುದು ಗ್ರ್ಯಾಂಡ್ ಕ್ಯಾನ್ಯನ್‌ನಷ್ಟೇ ಆಳದ ಗೋಡೆಗಳು. ಬೇರೆ ಕಡೆ ಇಡೀ ದಿನ ಹಡಗಿನಲ್ಲಿ ಹೋದರೆ ಸಿಗುವ ಆಳ ಇಲ್ಲಿ ದಡದಿಂದ ಕೆಲವೇ ಕಿಲೋಮೀಟರಿಗೆ ಸಿಗುತ್ತದೆ. ಕಣಿವೆ ಮುಂದೆ ಹೋದಂತೆ 3,000 ಮೀಟರ್ ದಾಟುತ್ತದೆ. ಸಮುದ್ರದ ಆಳ ಅಳೆಯುವವರಿಗೂ ಇದು ವರವೇ. ಮಾಂಟೆರೇ ಕೊಲ್ಲಿ ಅಕ್ವೇರಿಯಂನ ಸಂಶೋಧನಾ ಸಂಸ್ಥೆ ಅದೇ ಮಾಸ್ ಲ್ಯಾಂಡಿಂಗ್‌ನಲ್ಲಿ ಇರುವುದು ಸುಮ್ನೆ ಅಲ್ಲ.

ಇನ್ನು ಗಾಳಿ. ಮಾರ್ಚ್‌ನಿಂದ ಬೇಸಿಗೆಯವರೆಗೆ ವಾಯವ್ಯದಿಂದ ಕರಾವಳಿಗುಂಟ ಬಲವಾದ ಗಾಳಿ ಬೀಸುತ್ತದೆ. ಭೂಮಿ ತಿರುಗುವುದರಿಂದ ಆ ಗಾಳಿಗೆ ಸಿಕ್ಕ ಮೇಲ್ಪದರದ ನೀರು ಬಲಕ್ಕೆ, ಅಂದರೆ ದಡದಿಂದ ಆಚೆಗೆ, ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದ ತಣ್ಣನೆಯ ನೀರು ಮೇಲೇರುತ್ತದೆ. ತಳದಲ್ಲಿ ಕೊಳೆತು ಶೇಖರವಾದ ಗೊಬ್ಬರವೆಲ್ಲ ಅದರ ಜೊತೆ ಬಿಸಿಲಿಗೆ ಬರುತ್ತದೆ. ಕಣ್ಣಿಗೆ ಕಾಣದ ಸಸ್ಯಜೀವಿಗಳು ಬೆಳೆಯುತ್ತವೆ. ಅವನ್ನು ತಿಂದು ಕ್ರಿಲ್ ಅನ್ನುವ ಸಿಗಡಿಯಂಥ ಸಣ್ಣ ಜೀವಿ, ಆಂಚೊವಿ, ಸಾರ್ಡೀನ್ ಮೀನುಗಳು ಕೊಬ್ಬುತ್ತವೆ. ಗಾಳಿಯ ಜೋರು ವಸಂತದಲ್ಲಿ. ಕ್ರಿಲ್ ಬೆಳೆದು ದಟ್ಟವಾಗುವುದಕ್ಕೆ ಇನ್ನೂ ಸ್ವಲ್ಪ ತಿಂಗಳು ಬೇಕು. ಅಷ್ಟರಲ್ಲಿ ಗಾಳಿಯೂ ತಗ್ಗಿರುತ್ತದೆ. ಊಟ ಜಾಸ್ತಿ, ಅಲೆ ಕಡಿಮೆ. ಆಗಸ್ಟ್, ಸೆಪ್ಟೆಂಬರ್ ಅಂದದ್ದು ಅದಕ್ಕೆ.

ನಮ್ಮ ಕಡೆಯೂ ಇದೇ ನಡೆಯುತ್ತದೆ. ಮುಂಗಾರಿನಲ್ಲಿ ಕೇರಳ ಮತ್ತು ದಕ್ಷಿಣ ಕನ್ನಡದ ಕರಾವಳಿಯಲ್ಲಿ ಆಳದ ನೀರು ಹೀಗೆಯೇ ಮೇಲೇಳುತ್ತದೆ. ಮಳೆಗಾಲ ಮುಗಿದು ಬೋಟುಗಳು ಇಳಿದಾಗ ಬೂತಾಯಿ, ಬಂಗುಡೆ ಬಲೆ ತುಂಬ ಸಿಗುವುದರ ಹಿಂದೆ ಅದೇ ಕಾರಣ ಇದೆ. ಮಾಂಟೆರೇ ಕೂಡ ಒಂದು ಕಾಲಕ್ಕೆ ಸಾರ್ಡೀನ್ ಊರು. ಈಗ ಪ್ರವಾಸಿಗರು ಐಸ್‌ಕ್ರೀಂ ತಿನ್ನುತ್ತಾ ಓಡಾಡುವ ಕ್ಯಾನರಿ ರೋ ಬೀದಿ ಪೂರ್ತಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗಳಿದ್ದವು. 1940ರ ದಶಕದ ಕೊನೆಗೆ ಮೀನು ಕೈಕೊಟ್ಟಿತು. ಕೊನೆಯ ಕಾರ್ಖಾನೆ 1973ರಲ್ಲಿ ಮುಚ್ಚಿತು. ಅದೇ ಜಾಗದಲ್ಲಿ 1984ರಲ್ಲಿ ಅಕ್ವೇರಿಯಂ ಬಾಗಿಲು ತೆರೆಯಿತು.

ನಿಮ್ಮವರಿಗೆ ಜುಲೈನಿಂದ ಅಕ್ಟೋಬರ್ ನಡುವೆ ಸಿಗಬಹುದಾದ ಇನ್ನೊಂದು ಅದೃಷ್ಟ ನೀಲಿ ತಿಮಿಂಗಿಲ. ಭೂಮಿಯ ಮೇಲೆ ಇದುವರೆಗೆ ಬದುಕಿದ್ದರಲ್ಲೇ ಅತಿ ಭಾರದ ಪ್ರಾಣಿ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ. ಇಲ್ಲಿ ಬರುವಂಥವು ಸಾಮಾನ್ಯವಾಗಿ ಎರಡು ಬಿಎಂಟಿಸಿ ಬಸ್ಸು ಒಂದರ ಹಿಂದೊಂದು ನಿಲ್ಲಿಸಿದಷ್ಟು ಉದ್ದ. ಆದರೆ ಒಂದು ಎಚ್ಚರಿಕೆ. ನೀಲಿ ತಿಮಿಂಗಿಲ ಆಟ ಆಡುವ ಪ್ರಾಣಿಯಲ್ಲ. ಹಗಲಿನಲ್ಲಿ ಕ್ರಿಲ್ ಆಳದಲ್ಲಿರುತ್ತದೆ, ತಿಮಿಂಗಿಲವೂ ಅಲ್ಲಿಗೇ ಇಳಿಯುತ್ತದೆ. ಹತ್ತು ನಿಮಿಷ ಏನೂ ಇಲ್ಲ. ಆಮೇಲೆ ಒಂಬತ್ತು ಮೀಟರ್ ಎತ್ತರದ ತನಕ ಉಸಿರಿನ ಕಂಬ ಏಳುತ್ತದೆ. ಹಿಂದೆಯೇ ಬೂದುನೀಲಿ ಬೆನ್ನು ಉರುಳುತ್ತದೆ, ಉರುಳುತ್ತಲೇ ಇರುತ್ತದೆ. ಮುಗಿಯಿತು ಅನ್ನುವಾಗ ಎಲ್ಲೋ ಹಿಂದೆ ಚಿಕ್ಕದೊಂದು ರೆಕ್ಕೆ ಕಾಣುತ್ತದೆ. ಅದು ಸಿಕ್ಕರೆ ಸಿಕ್ಕಿತು. ಅದಕ್ಕೋಸ್ಕರವೇ ಹೋಗಬೇಡಿ. ಕೆಲವು ವರ್ಷ ಇವು ಕೊಲ್ಲಿಗೆ ಚೆನ್ನಾಗಿ ಬರುತ್ತವೆ, ಕೆಲವು ವರ್ಷ ದಕ್ಷಿಣದಲ್ಲೇ ಉಳಿಯುತ್ತವೆ.

ನೀವು ತಪ್ಪಿಸಿಕೊಳ್ಳುವುದು ಏಪ್ರಿಲ್, ಮೇ ತಿಂಗಳ ಓರ್ಕಾಗಳನ್ನು, ಅಂದರೆ ಬೇಟೆಯಾಡುವ ಕಪ್ಪು ಬಿಳುಪಿನ "ಕಿಲ್ಲರ್ ವೇಲ್"ಗಳನ್ನು. ಬೂದು ತಿಮಿಂಗಿಲದ ತಾಯಂದಿರು ಮರಿ ಕಟ್ಟಿಕೊಂಡು ಉತ್ತರಕ್ಕೆ ಹೋಗುವ ಕಾಲ ಅದು. ದಡದ ಪಕ್ಕದ ಆಳವಿಲ್ಲದ ನೀರಿನಲ್ಲಿ ಅಂಟಿಕೊಂಡೇ ಬರುತ್ತವೆ. ಮಾಂಟೆರೇಯಲ್ಲಿ ಮಾತ್ರ ಆಳದ ಕಣಿವೆಯನ್ನು ದಾಟಲೇಬೇಕು. ಓರ್ಕಾಗಳು ಅಲ್ಲಿ ಮರಿಗಾಗಿ ಹೊಂಚು ಹಾಕುತ್ತವೆ. ಅಜ್ಜಿ, ಮೊಮ್ಮಗಳು ಜೊತೆಯಲ್ಲಿ ನೋಡುವ ದೃಶ್ಯ ಅಂತೂ ಅಲ್ಲ. ತಾಯಿ ಮರಿಯನ್ನು ಬೆನ್ನ ಮೇಲೆ ಎತ್ತಿ ಹಿಡಿದು ಕಾಯುವುದನ್ನು ನೋಡಿ ಬೋಟು ಪೂರ್ತಿ ಅಳುವುದುಂಟು.

ಈಗ ಗ್ಯಾರಂಟಿ ವಿಷಯ. ಓದಿ ನೋಡಿ. ತಿಮಿಂಗಿಲ ಕಾಣದಿದ್ದರೆ ದುಡ್ಡು ವಾಪಸ್ ಅಂತ ಸಾಮಾನ್ಯವಾಗಿ ಇರುವುದಿಲ್ಲ. ಇನ್ನೊಂದು ಸಲ ಬಿಟ್ಟಿಯಾಗಿ ಬನ್ನಿ ಅಂತ ಚೀಟಿ ಕೊಡುತ್ತಾರೆ. ನಿಮಗೆ ಅದು ಉಪಯೋಗ, ಮೈಸೂರಿಗೆ ಹೋದ ಅಪ್ಪ ಅಮ್ಮನಿಗೆ ಏನು ಉಪಯೋಗ? ಸೆಪ್ಟೆಂಬರ್ ಕೊನೆ ವಾರದಲ್ಲಿ ಇಟ್ಟುಕೊಂಡು ಏನೂ ಕಾಣದಿದ್ದರೆ, ಅಥವಾ ಗಾಳಿಗೆ ಬೋಟೇ ರದ್ದಾದರೆ, ಕಥೆ ಮುಗಿಯಿತು. ಆಗಸ್ಟ್ ಮೊದಲಿಗೇ ಹೋದರೆ ಮತ್ತೆ ಹೋಗಲು ಆರು ವಾರ ಉಳಿದಿರುತ್ತದೆ. ಇನ್ನೊಂದು ಕೇಳಿಕೊಳ್ಳಿ: ಡಾಲ್ಫಿನ್ ಕಂಡರೆ ಗ್ಯಾರಂಟಿ ತೀರಿತು ಅಂತ ಲೆಕ್ಕವಾ? ಕೆಲವರ ಷರತ್ತಿನಲ್ಲಿ ಹಾಗೂ ಇರುತ್ತದೆ.

ಗ್ಯಾರಂಟಿಗಿಂತ ಒಳ್ಳೆಯ ಉಪಾಯ ಇದೆ. ಹೆಚ್ಚಿನ ಕಂಪನಿಗಳು ದಿನಾ ಏನೇನು ಕಂಡಿತು ಅಂತ ತಮ್ಮ ತಾಣದಲ್ಲಿ ಬರೆದು ಹಾಕುತ್ತವೆ. ಬುಕ್ ಮಾಡುವ ಹಿಂದಿನ ಎರಡು ಮೂರು ದಿನದ್ದು ಓದಿ. ಮೊನ್ನೆ, ನಿನ್ನೆ ಹಂಪ್‌ಬ್ಯಾಕ್‌ಗಳು ಒಂದೇ ಕಡೆ ತಿನ್ನುತ್ತಿದ್ದವು ಅಂತಿದ್ದರೆ ನಾಳೆಯೂ ಅಲ್ಲೇ ಸುತ್ತಮುತ್ತ ಇರುತ್ತವೆ. ಮೀನಿನ ಹಿಂಡು ಎದ್ದು ಹೋಗುವ ತನಕ ಅವು ಯಾಕೆ ಹೋಗುತ್ತವೆ ಹೇಳಿ? ವಾರದ ದಿನ ಅಂದದ್ದಕ್ಕೆ ಇದೂ ಒಂದು ಕಾರಣ. ಟಿಕೆಟ್ ಕೊನೇ ಗಳಿಗೆಯಲ್ಲೂ ಸಿಗುತ್ತದೆ. ವಾರಾಂತ್ಯದ್ದು ವಾರಗಳ ಮುಂಚೆ ಕಾದಿರಿಸಬೇಕು, ಆಗ ಕುರುಡು ಲೆಕ್ಕ.

ಬೋಟು ಹೊರಡುವುದು ಮುಖ್ಯವಾಗಿ ಎರಡು ಕಡೆಯಿಂದ. ಮಾಂಟೆರೇ ಊರಿನ ಫಿಶರ್‌ಮನ್ಸ್ ವಾರ್ಫ್, ಇಲ್ಲವಾದರೆ ಮಾಸ್ ಲ್ಯಾಂಡಿಂಗ್. ಫ್ರೀಮಾಂಟ್‌ನಿಂದ ಮಾಸ್ ಲ್ಯಾಂಡಿಂಗ್ ಹತ್ತಿರ, ಕಣಿವೆಯ ಅಂಚಿಗೂ ಬೇಗ ಮುಟ್ಟುತ್ತೀರಿ. ಬಂದರಿನಲ್ಲೇ ಸಮುದ್ರದ ನೀರುನಾಯಿಗಳು ಹೊಟ್ಟೆಯ ಮೇಲೆ ಕಲ್ಲಿಟ್ಟುಕೊಂಡು ಚಿಪ್ಪು ಕುಟ್ಟುತ್ತಿರುತ್ತವೆ. ಮಗಳಿಗೆ ತಿಮಿಂಗಿಲಕ್ಕಿಂತ ಅದೇ ಜಾಸ್ತಿ ಹಿಡಿಸಿದರೆ ಆಶ್ಚರ್ಯಪಡಬೇಡಿ. ಚರ್ಮಕ್ಕಾಗಿ ಕೊಂದು ಕೊಂದು ಕ್ಯಾಲಿಫೋರ್ನಿಯಾದಲ್ಲಿ ಇವು ಮುಗಿದೇ ಹೋದವು ಅಂದುಕೊಂಡಿದ್ದರು. 1938ರಲ್ಲಿ ಇಲ್ಲಿಂದ ದಕ್ಷಿಣಕ್ಕೆ ಬಿಗ್ ಸರ್ ಕಡಲಲ್ಲಿ ಒಂದು ಸಣ್ಣ ಗುಂಪು ಕಣ್ಣಿಗೆ ಬಿತ್ತು. ಈಗ ಇರುವ ಸಾವಿರಾರು ಅದರದೇ ಸಂತಾನ. ಮಾಂಟೆರೇ ಕಡೆಯ ಅನುಕೂಲ ಬೇರೆ: ಬೋಟುಗಳು ಜಾಸ್ತಿ, ಇಳಿದ ಮೇಲೆ ತಿನ್ನಲು, ತಿರುಗಾಡಲು ಜಾಗ ಇದೆ.

ಬೋಟಿನ ಗಾತ್ರಕ್ಕೆ ಬರೋಣ. ರಬ್ಬರ್ ಬದಿಯ ಸಣ್ಣ ವೇಗದ ಬೋಟುಗಳಿವೆ. ನೀರಿನ ಮಟ್ಟದಲ್ಲೇ ಕೂರುತ್ತೀರಿ, ತಿಮಿಂಗಿಲ ಹತ್ತಿರ ಅನಿಸುತ್ತದೆ, ಮಜಾ ಇದೆ. ಆದರೆ ಅಲೆಗೆ ಕುಕ್ಕುತ್ತದೆ. ಬೆನ್ನು, ಮಂಡಿ ನೋವಿರುವವರಿಗೆ ಬೇಡವೇ ಬೇಡ. 71ರ ಅಪ್ಪನಿಗೆ ಹಿಡಿದುಕೊಳ್ಳಲು ಕಂಬಿ, ಕೂರಲು ಬೆಂಚು, ಟಾಯ್ಲೆಟ್ ಇರಬೇಕು. ಹಾಗಂತ ಅತಿ ದೊಡ್ಡ ಬೋಟಿಗೆ ನೂರು ಜನ ತುಂಬಿದರೆ ಎಲ್ಲರೂ ಒಂದೇ ಬದಿಗೆ ನುಗ್ಗುತ್ತಾರೆ, ಮಗು ಹಿಂದೆ ಉಳಿಯುತ್ತದೆ. ಎಷ್ಟು ಜನರನ್ನು ಹತ್ತಿಸುತ್ತೀರಿ ಅಂತ ಫೋನಿನಲ್ಲಿ ಕೇಳಿ. ವಿವರಣೆ ಕೊಡಲು ಪ್ರಾಣಿಶಾಸ್ತ್ರ ಬಲ್ಲವರು ಜೊತೆಗಿರುತ್ತಾರಾ ಅಂತಲೂ ಕೇಳಿ. ನನ್ನ ಪ್ರಕಾರ ಬೋಟಿಗಿಂತ ಅದು ಮುಖ್ಯ. ಏನೂ ಕಾಣದ ಅರ್ಧ ಗಂಟೆಯನ್ನು ಅವರು ಹೇಗೆ ತುಂಬುತ್ತಾರೆ ಅನ್ನುವುದರ ಮೇಲೆ ಇಡೀ ಪ್ರಯಾಣ ನಿಂತಿದೆ. ಇನ್ನೊಂದು ಸಣ್ಣ ವಿಷಯ ಯಾರೂ ಹೇಳುವುದಿಲ್ಲ. ತೇಲುವ ಕಟ್ಟೆಗೆ ಇಳಿಯುವ ಇಳಿಜಾರು ಹಲಗೆ ಸಮುದ್ರದ ಇಳಿತದ ಹೊತ್ತಿನಲ್ಲಿ ಕಡಿದಾಗಿರುತ್ತದೆ. ಆ ದಿನದ ಉಬ್ಬರ ಇಳಿತದ ವೇಳೆ ನೋಡಿಕೊಂಡು ಹೋಗಿ. ಮಂಡಿಗೆ ಉಪಕಾರ.

ಅಮ್ಮನ ವಾಂತಿ. ಚಾರ್ಮಾಡಿ ಘಾಟಿಯಲ್ಲಿ ಕಿಟಕಿ ಪಕ್ಕ ಕೂರಲೇಬೇಕು ಅನ್ನುವವರಾದರೆ ಬೋಟಿನಲ್ಲಿ ಮಾತ್ರೆ ಇಲ್ಲದೆ ಆಗುವುದಿಲ್ಲ. ಇಲ್ಲಿ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಮೆಕ್ಲಿಜಿನ್ ಸಿಗುತ್ತದೆ. ಬೋಟು ಹೊರಡುವುದಕ್ಕೆ ಕಡಿಮೆ ಅಂದರೂ ಒಂದು ಗಂಟೆ ಮುಂಚೆ ನುಂಗಬೇಕು. ಹೊಟ್ಟೆ ತೊಳೆಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನ ಇಲ್ಲ. ನಮ್ಮೂರಿನ ಅವೊಮಿನ್ ತಂದಿದ್ದರೆ ಅದೂ ಕೆಲಸ ಮಾಡುತ್ತದೆ, ನಿದ್ದೆ ಮಾತ್ರ ಜಾಸ್ತಿ ಬರುತ್ತದೆ. ಯಾವುದೇ ಆಗಲಿ, ಕೆಲವು ದಿನ ಮುಂಚೆ ಮನೆಯಲ್ಲೇ ಒಂದು ಕೊಟ್ಟು ನೋಡಿ. ಬೋಟಿನ ಮೇಲೆ ತೂಕಡಿಸುತ್ತಾ ಕೂತರೆ ಹೋದದ್ದೂ ದಂಡ, ಬೀಳುವ ಅಪಾಯ ಬೇರೆ. ಕಣ್ಣಿನ ಒತ್ತಡದ ಕಾಯಿಲೆ, ಅಂದರೆ ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟುವ ಗಂಡಸರು ಈ ಜಾತಿಯ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಕಿವಿ ಹಿಂದೆ ಅಂಟಿಸುವ ಪಟ್ಟಿಗೂ ಇದೇ ಮಾತು. ಇಬ್ಬರಿಗೂ ಬೇರೆ ಮಾತ್ರೆಗಳಿದ್ದರೆ ಹೊರಡುವ ಮುಂಚೆ ಮೈಸೂರಿನ ಡಾಕ್ಟರನ್ನೇ ಕೇಳಿಕೊಂಡು ಬರಲಿ.

ಹೊಟ್ಟೆ ಖಾಲಿ ಇರಬಾರದು, ತುಂಬಿಯೂ ಇರಬಾರದು. ಬೆಳಿಗ್ಗೆ ಎರಡು ಇಡ್ಲಿ ಸಾಕು. ಪೂರಿ ಸಾಗು ಇನ್ನೊಂದು ದಿನಕ್ಕಿರಲಿ. ಪುಳಿಯೋಗರೆ ಕಟ್ಟಿಕೊಂಡು ಬಂದಿದ್ದರೆ ಡಬ್ಬಿ ಕಾರಿನಲ್ಲೇ ಇರಲಿ, ಇಳಿದ ಮೇಲೆ ತಿನ್ನಿ. ಬೋಟಿನಲ್ಲಿ ಅಮ್ಮನನ್ನು ಹಿಂಭಾಗದ ಮಧ್ಯದಲ್ಲಿ, ಹೊರಗೆ ಕೂರಿಸಿ. ಅಲ್ಲಿ ಕುಲುಕಾಟ ಕಡಿಮೆ. ಎಂಜಿನ್ ಹೊಗೆ ಬರುವ ಕಡೆ ಬಿಟ್ಟು ಕೂರಿಸಿ. ತಲೆ ಸುತ್ತಿದಾಗ ಎಲ್ಲರೂ ಒಳಗೆ ಹೋಗಿ ಮಲಗಲು ನೋಡುತ್ತಾರೆ. ಅದು ಇನ್ನೂ ಕೆಡಿಸುತ್ತದೆ. ದೂರದ ಗುಡ್ಡವನ್ನೋ ಬಾನಂಚನ್ನೋ ನೋಡುತ್ತಿರಬೇಕು. ಫೋನ್ ನೋಡಲೇಬಾರದು. ಬೈನಾಕ್ಯುಲರ್ ಕೂಡ ಅಮ್ಮನಿಗೆ ಬೇಡ.

ಹಿಂದಿನ ದಿನ ಸಮುದ್ರದ ಮುನ್ಸೂಚನೆ ನೋಡುವವರು ಅಲೆಯ ಎತ್ತರ ಮಾತ್ರ ನೋಡಿ ಹೆದರುತ್ತಾರೆ. ಪಕ್ಕದಲ್ಲೇ ಸೆಕೆಂಡಿನ ಅಂಕಿ ಇರುತ್ತದೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವಿನ ಹೊತ್ತು ಅದು. ಆರು ಅಡಿ ಅಲೆ 14 ಸೆಕೆಂಡಿಗೊಮ್ಮೆ ಬಂದರೆ ಬೋಟು ನಿಧಾನಕ್ಕೆ ಏರಿ ಇಳಿಯುತ್ತದೆ, ಬಹಳ ಜನಕ್ಕೆ ಗೊತ್ತೂ ಆಗುವುದಿಲ್ಲ. ಅದೇ ಆರು ಅಡಿ ಏಳು ಸೆಕೆಂಡಿಗೊಮ್ಮೆ ಬಂದರೆ ಮಾತ್ರೆ ನುಂಗಿದವರೂ ಬಗ್ಗಿ ನಿಲ್ಲುತ್ತಾರೆ. ಅಂಥ ದಿನ ಕಂಪನಿಗೆ ಫೋನ್ ಮಾಡಿ ದಿನ ಬದಲಿಸಿಕೊಳ್ಳಿ. ಮೊದಲ ಬೋಟು ಅಂದದ್ದೂ ಇದಕ್ಕೇ. ಗಾಳಿ ಏಳುವುದು ಮಧ್ಯಾಹ್ನ.

ಬಟ್ಟೆ ವಿಷಯದಲ್ಲಿ ಅಪ್ಪ ಅಮ್ಮ ನಿಮ್ಮ ಮಾತು ಕೇಳುವುದಿಲ್ಲ, ನನ್ನ ಹೆಸರು ಹೇಳಿ. ಆಗಸ್ಟ್‌ನಲ್ಲಿ ಫ್ರೀಮಾಂಟ್‌ನಲ್ಲಿ ಬೆವರು ಸುರಿಯುತ್ತಿರುತ್ತದೆ, ಮಾಂಟೆರೇಯಲ್ಲಿ ಮಡಿಕೇರಿಯ ಮಂಜು. ಮೇಲೆ ಹೇಳಿದೆನಲ್ಲ, ಆಳದಿಂದ ಏಳುವ ತಣ್ಣೀರು, ಅದರ ಮೇಲೆ ಹಾದು ಬರುವ ತೇವದ ಗಾಳಿಯೇ ಈ ಮಂಜಾಗುತ್ತದೆ. ತಿಮಿಂಗಿಲ ಬೇಕು, ಚಳಿ ಬೇಡ ಅಂದರೆ ಆಗುವುದಿಲ್ಲ. ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್, ಮಂಕಿ ಕ್ಯಾಪ್. ಯಾರೂ ನಗುವುದಿಲ್ಲ, ಕೇಳಿ ಇಸಿದುಕೊಳ್ಳುತ್ತಾರೆ. ಅಮ್ಮನಿಗೆ ಸೀರೆ ಬದಲು ಚೂಡಿದಾರ, ಕಾಲಿಗೆ ಚಪ್ಪಲಿ ಬದಲು ಶೂ. ಒದ್ದೆ ಹಲಗೆಯ ಮೇಲೆ ಗಾಳಿಗೆ ಸೆರಗು ಹಿಡಿಯುವುದಾ, ಕಂಬಿ ಹಿಡಿಯುವುದಾ?

ಬೋಟಿನಲ್ಲಿ ಏನು ನೋಡಬೇಕು ಅಂತ ಮಗಳಿಗೆ ಮೊದಲೇ ಹೇಳಿಕೊಡಿ. ಮೊದಲು ಹುಡುಕಬೇಕಾದ್ದು ಪ್ರಾಣಿಯನ್ನಲ್ಲ, ಹಕ್ಕಿಗಳನ್ನು. ಬೇಸಿಗೆಯಲ್ಲಿ ನ್ಯೂಜಿಲೆಂಡ್ ಕಡೆಯಿಂದ ಹಾರಿ ಬರುವ ಕಪ್ಪು ಶಿಯರ್‌ವಾಟರ್‌ಗಳು ಸಾವಿರಗಟ್ಟಲೆ ನೀರಿಗೆ ಬಿದ್ದೇಳುತ್ತಿದ್ದರೆ ಕೆಳಗೆ ಆಂಚೊವಿ ಹಿಂಡಿದೆ ಅಂತ ಅರ್ಥ. ಸಮುದ್ರ ಸಿಂಹಗಳು ಗುಂಪಾಗಿ ನೆಗೆಯುತ್ತಾ ಒಂದೇ ಕಡೆ ಓಡಿದರೆ ಹಂಪ್‌ಬ್ಯಾಕ್ ಕೂಡ ಅಲ್ಲೇ ಏಳಬಹುದು. ಏಳುವಾಗ ಬಾಯಿ ತೆರೆದುಕೊಂಡೇ ಏಳುತ್ತದೆ, ಗಂಟಲಿನ ಮಡಿಕೆಗಳು ಉಬ್ಬಿರುತ್ತವೆ, ಮೀನುಗಳು ಅಂಚಿನಿಂದ ಹಾರುತ್ತಿರುತ್ತವೆ. ಉಸಿರು ಬೋಟಿನ ಕಡೆಗೆ ಬೀಸಿದರೆ ಮೂಗು ಮುಚ್ಚಿಕೊಳ್ಳಿ. ಕೊಳೆತ ಮೀನಿನ ವಾಸನೆ, ಅಮ್ಮನಿಗೆ ಮೊದಲೇ ಹೇಳಿರಿ.

ಬಾಲದ ಫೋಟೋ ಬೇಕಿದ್ದರೆ ಒಂದು ಗುಟ್ಟು. ಹಂಪ್‌ಬ್ಯಾಕ್ ಕೆಲವು ಸಲ ಉಸಿರಾಡಿದ ಮೇಲೆ ಬೆನ್ನನ್ನು ಜೋರಾಗಿ ಬಗ್ಗಿಸುತ್ತದೆ. ಆ ಗೂನು ಎದ್ದಾಗಲೇ ಕ್ಯಾಮೆರಾ ಒತ್ತಲು ಶುರು ಮಾಡಿ, ಬಾಲ ಬರುತ್ತದೆ. ಬಾಲದ ಕೆಳಬದಿಯ ಕಪ್ಪು ಬಿಳುಪು ಗುರುತು ಒಂದೊಂದಕ್ಕೂ ಬೇರೆ ಬೇರೆ. ಹ್ಯಾಪಿವೇಲ್ ಅನ್ನುವ ತಾಣಕ್ಕೆ ಆ ಫೋಟೋ ಹಾಕಿದರೆ ಅದು ಯಾವ ತಿಮಿಂಗಿಲ, ಹಿಂದೆ ಎಲ್ಲೆಲ್ಲಿ ಕಂಡಿತ್ತು ಅಂತ ತಾಳೆ ನೋಡಿ ತಿಳಿಸುತ್ತಾರೆ. ಮಗಳ ಫೋಟೋದ ತಿಮಿಂಗಿಲ ಮುಂದೆ ಮೆಕ್ಸಿಕೋದಲ್ಲಿ ಯಾರಿಗಾದರೂ ಕಂಡರೆ ಅದೂ ಗೊತ್ತಾಗುತ್ತದೆ. ಬಾಲ ಎತ್ತಿ ಮುಳುಗಿತು ಅಂದರೆ ಐದರಿಂದ ಹತ್ತು ನಿಮಿಷ ಬಿಡುವು. ಆಗ ಮಾತ್ರ ಟಾಯ್ಲೆಟ್‌ಗೆ ಹೋಗಿ.

ಹಿಂಸೆಯ ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು. ಅಮೆರಿಕದಲ್ಲಿ 1972ರಲ್ಲಿ ಬಂದ ಸಮುದ್ರ ಸಸ್ತನಿ ರಕ್ಷಣಾ ಕಾಯ್ದೆಯ ಪ್ರಕಾರ ತಿಮಿಂಗಿಲದ ನಡವಳಿಕೆ ಕೆಡುವ ಹಾಗೆ ಕಾಡುವುದು ಅಪರಾಧ. 1992ರಿಂದ ಮಾಂಟೆರೇ ಕೊಲ್ಲಿ ರಾಷ್ಟ್ರೀಯ ಸಮುದ್ರ ಅಭಯಧಾಮವೂ ಹೌದು. ಬೋಟುಗಳು 100 ಗಜ, ಅಂದರೆ ಸುಮಾರು 90 ಮೀಟರ್ ದೂರ ಇರಬೇಕು ಅನ್ನುವುದು ನಿಯಮಪಾಲಕರ ಸೂಚನೆ. ಎದುರಿನಿಂದ ಅಡ್ಡ ಹೋಗಬಾರದು. ತಾಯಿ ಮರಿಯ ನಡುವೆ ನುಗ್ಗಬಾರದು. ತಿಮಿಂಗಿಲವೇ ಕುತೂಹಲದಿಂದ ಬೋಟಿನ ಹತ್ತಿರ ಬಂದರೆ ಎಂಜಿನ್ ಗೇರು ತೆಗೆದು ಸುಮ್ಮನೆ ನಿಲ್ಲಬೇಕು. ಆಗ ಅದು ಅಡಿಯಲ್ಲಿ ನುಸುಳಿ, ಪಕ್ಕಕ್ಕೆ ತಿರುಗಿ ಕಣ್ಣು ಹೊರಹಾಕಿ ನೋಡುವುದೂ ಉಂಟು. ಒಳ್ಳೆಯ ಕ್ಯಾಪ್ಟನ್ ಯಾರು ಅಂತ ಪತ್ತೆ ಹಚ್ಚುವುದು ಸುಲಭ. ತಿಮಿಂಗಿಲ ಏಳುವ ಕಡೆಗೆಲ್ಲ ಬೋಟು ತಿರುಗಿಸಿ ಓಡಿಸುವವನಲ್ಲ. ದೂರದಲ್ಲಿ ನಿಲ್ಲಿಸಿ ಕಾಯುವವನು. ಜನರ ಅನಿಸಿಕೆಗಳಲ್ಲಿ "ತುಂಬಾ ಹತ್ತಿರ ಕರೆದುಕೊಂಡು ಹೋದರು" ಅಂತ ಹೊಗಳಿದ್ದರೆ ನಾನಾದರೆ ಆ ಬೋಟು ಹತ್ತುವುದಿಲ್ಲ.

ದೂರ ಬೇಕಾದ್ದು ನಮಗೋಸ್ಕರವೂ ಹೌದು. 2015ರ ಸೆಪ್ಟೆಂಬರ್‌ನಲ್ಲಿ ಮಾಸ್ ಲ್ಯಾಂಡಿಂಗ್ ಹತ್ತಿರ ಒಂದು ಹಂಪ್‌ಬ್ಯಾಕ್ ಮೇಲೆ ಹಾರಿ ಇಬ್ಬರಿದ್ದ ಕಯಾಕ್ (ಹುಟ್ಟು ಹಾಕುವ ಸಣ್ಣ ದೋಣಿ) ಮೇಲೇ ಬಿತ್ತು. ಪವಾಡ ಅನ್ನುವ ಹಾಗೆ ಇಬ್ಬರಿಗೂ ಏನೂ ಆಗಲಿಲ್ಲ. ಆ ವಿಡಿಯೋ ನೋಡಿ ಕಯಾಕ್ ಬಾಡಿಗೆಗೆ ಕೇಳಿಕೊಂಡು ಬರುವವರೂ ಇದ್ದಾರೆ! ನೀವು ಹಾಗೆ ಮಾಡಬೇಡಿ.

ಆದರೆ ತಿಮಿಂಗಿಲಗಳನ್ನು ನಿಜವಾಗಿ ಕೊಲ್ಲುತ್ತಿರುವುದು ನೋಡಲು ಹೋಗುವ ಬೋಟುಗಳಲ್ಲ. ಸರಕು ಹಡಗುಗಳು ಡಿಕ್ಕಿ ಹೊಡೆಯುತ್ತವೆ. ಏಡಿ ಬುಟ್ಟಿಗಳಿಗೆ ಕಟ್ಟಿದ ಹಗ್ಗಗಳು ಬಾಲಕ್ಕೆ, ರೆಕ್ಕೆಗೆ ಸುತ್ತಿಕೊಳ್ಳುತ್ತವೆ. 2014ರಿಂದ 2016ರವರೆಗೆ ಸಮುದ್ರ ವಿಪರೀತ ಬಿಸಿಯಾದಾಗ ಕ್ರಿಲ್ ಕಡಿಮೆಯಾಗಿ ಹಂಪ್‌ಬ್ಯಾಕ್‌ಗಳು ಆಂಚೊವಿ ಹುಡುಕುತ್ತಾ ದಡದ ಹತ್ತಿರ ಬಂದವು, ನೇರ ಏಡಿ ಹಗ್ಗಗಳ ನಡುವೆ. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ತಿಮಿಂಗಿಲ ಇರುವಾಗ ಏಡಿ ಹಿಡಿಯುವುದನ್ನು ತಡ ಮಾಡಿ ಶುರು ಮಾಡಿಸುವ, ಬೇಗ ಮುಗಿಸುವ ಕ್ರಮ ಬಂತು. ಮೀನುಗಾರರ ಹೊಟ್ಟೆಗೆ ಪೆಟ್ಟು ಬಿದ್ದದ್ದೂ ನಿಜ. ಬೂದು ತಿಮಿಂಗಿಲಗಳ ಕಥೆ ಬೇರೆ. 2019ರಿಂದ 2023ರವರೆಗೆ ಅವು ಬಡಕಲಾಗಿ ದಡಕ್ಕೆ ಬಿದ್ದು ಸತ್ತವು, ಆರ್ಕ್ಟಿಕ್‌ನ ಊಟದಲ್ಲೇ ಏನೋ ಏರುಪೇರು. ಇನ್ನು ಹಿಂದಿನ ಕಾಲದ್ದು ಕೇಳುವುದೇ ಬೇಡ. 1850ರ ದಶಕದಲ್ಲಿ ಪೋರ್ಚುಗೀಸರು ಮಾಂಟೆರೇ ದಡದಿಂದ ದೋಣಿ ಇಳಿಸಿ ತಿಮಿಂಗಿಲ ಬೇಟೆ ಆಡುತ್ತಿದ್ದರು. ಊರಿನ ಹಳೆಯ ತಿಮಿಂಗಿಲ ಬೇಟೆ ಕಟ್ಟಡದ ಮುಂದೆ ಬೆನ್ನುಮೂಳೆ ತುಂಡುಗಳನ್ನೇ ಹಾಸಿದ ಕಾಲುದಾರಿ ಈಗಲೂ ಇದೆ. ಅಪ್ಪನಿಗೆ ತೋರಿಸಿ. ಅಮೆರಿಕದ ಕೊನೆಯ ತಿಮಿಂಗಿಲ ಬೇಟೆ ಕೇಂದ್ರ ಮುಚ್ಚಿದ್ದು 1971ರಲ್ಲಿ, ಅದೂ ನಿಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ರಿಚ್ಮಂಡ್‌ನಲ್ಲಿ.

ಕೊನೆಗೆ ಮುರುಡೇಶ್ವರ. ಅರಬ್ಬಿ ಸಮುದ್ರದಲ್ಲಿ ತಿಮಿಂಗಿಲ ಇಲ್ಲ ಅಂತಲ್ಲ. ಬ್ರೈಡ್ಸ್ ತಿಮಿಂಗಿಲ ಇದೆ, ನೀಲಿ ತಿಮಿಂಗಿಲ ಇದೆ. ವಲಸೆಯನ್ನೇ ಹೋಗದೆ ವರ್ಷವಿಡೀ ಅಲ್ಲೇ ಉಳಿಯುವ ಹಂಪ್‌ಬ್ಯಾಕ್‌ಗಳ ಒಂದು ಸಣ್ಣ ಗುಂಪೂ ಇದೆ. ಪ್ರಪಂಚದಲ್ಲಿ ಬೇರೆಲ್ಲೂ ಹಾಗಿಲ್ಲ. ಹೆಚ್ಚಾಗಿ ಒಮಾನ್ ಕಡೆ ಕಂಡರೂ ಅವು ಹಾಡುವುದನ್ನು ಭಾರತದ ಪಶ್ಚಿಮ ಕರಾವಳಿಯಲ್ಲಿ ದಾಖಲಿಸಿದ್ದಾರೆ. ಇಲ್ಲದಿರುವುದು ದಡದ ಪಕ್ಕದ ಆಳ. ಕರ್ನಾಟಕದ ಕಡಲ ತಳ ಹತ್ತಾರು ಕಿಲೋಮೀಟರ್ ದೂರದ ತನಕ ಚಪ್ಪಟೆ, ಆಳ ಕಡಿಮೆ. ಮೂರು ಗಂಟೆಯ ಬೋಟಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲಿ ಕಣಿವೆ ಇಲ್ಲ. ಮೇಲಾಗಿ ನೀರು ಮೇಲೆದ್ದು ಊಟ ಬೆಳೆಯುವ ತಿಂಗಳುಗಳಲ್ಲೇ ಮುಂಗಾರಿನ ಅಬ್ಬರ, ಯಾವ ಬೋಟೂ ಇಳಿಯುವಂತಿಲ್ಲ. ಕಾರವಾರದ ಕಾಳಿ ಅಳಿವೆಯ ಸುತ್ತ ಡಾಲ್ಫಿನ್ ನೋಡಬಹುದು, ಅದು ಚೆನ್ನಾಗಿಯೇ ಇರುತ್ತದೆ.

ಅಮ್ಮನಿಗೆ ಬೋಟು ಒಗ್ಗಿ, ಊರಿಗೆ ಹೋದ ಮೇಲೂ ನೋಡುವ ಆಸೆ ಉಳಿದರೆ ಶ್ರೀಲಂಕಾದ ಮಿರಿಸ್ಸಾ ಇದೆ. ಅಲ್ಲಿ ದಡದಿಂದ ಸ್ವಲ್ಪ ದೂರಕ್ಕೇ ಕಡಲು ಆಳವಾಗುತ್ತದೆ, ನೀಲಿ ತಿಮಿಂಗಿಲವೇ ಕಾಣುತ್ತದೆ. ಹೋಗಬೇಕಾದ್ದು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ. ಅಲ್ಲಿ ಬೋಟುಗಳು ಒಂದರ ಮೇಲೊಂದು ಮುಗಿಬೀಳುವುದುಂಟು. ದೂರ ಕಾಯುವ ಕ್ಯಾಪ್ಟನ್‌ನನ್ನು ವಿಚಾರಿಸಿ ಹುಡುಕುವ ಕೆಲಸ ಅಲ್ಲಿ ಇನ್ನೂ ಜಾಸ್ತಿ ಮಾಡಬೇಕು.